ಭೋಂಗಾ ಕೂಗಿದ ಮೇಲೆ ಇಂಗ್ಲಿಷ್ ತಾಸು

1854ರ ಬೇಸಗೆಯಲ್ಲಿ ಲಂಡನ್ನಿನಿಂದ ಎರಡು ಬರೆಹಗಳು ಹೊರಟವು: ಒಂದು ಕಾದಂಬರಿ, ಒಂದು ಸರ್ಕಾರಿ ಖಲೀತೆ. ಕಾದಂಬರಿ ಗಿರಣಿಯ ಹೊಗೆಯನ್ನು ಬಯ್ದಿತು. ಖಲೀತೆ ನಮ್ಮ ಸೀಮೆಗೆ ಸಾಲೆಯನ್ನು ತಂದಿತು. ಇಂದು ಹಾರೂಗೇರಿಯ ಬಿ.ಎ. ವರ್ಗದಲ್ಲಿ ಅವೆರಡೂ ಒಂದೇ ಬಾಕಿನ ಮೇಲೆ ಕೂತಿವೆ, ಕಿಟಕಿಯಾಚೆ ಕಬ್ಬಿನ ಹಂಗಾಮು ನಡೆದಿರುವಾಗ.

ಮಾಗಿಯ ಮಂಜು ಕಬ್ಬಿನ ಗರಿಗಳಿಂದ ಇನ್ನೂ ಇಳಿಯದ ಹೊತ್ತಿನಲ್ಲಿ ಹಾರೂಗೇರಿ ಕ್ರಾಸಿಗೆ ಬಂದು ನಿಂತರೆ, ಎರಡೆರಡು ಟ್ರೇಲರುಗಳನ್ನು ಹಿಂದೆ ಕಟ್ಟಿಕೊಂಡು, ಹೊರೆಯ ಭಾರಕ್ಕೆ ಮುಂದಿನ ಗಾಲಿ ನೆಲ ಬಿಟ್ಟೀತೇನೋ ಎಂಬಂತೆ ಏದುಸಿರು ಬಿಡುತ್ತ ಬರುವ ಟ್ರ್ಯಾಕ್ಟರುಗಳ ಸಾಲೊಂದು ಕಣ್ಣಿಗೆ ಬೀಳುತ್ತದೆ. ಅವುಗಳ ಹಾಡಿನ ಅಬ್ಬರವಂತೂ ಅರ್ಧ ಹರದಾರಿಯಿಂದಲೇ ಕಿವಿಗೆ ಬಂದಿರುತ್ತದೆ.

ರಸ್ತೆಯ ಮಗ್ಗುಲಲ್ಲಿ ಕಾಲೇಜಿಗೆ ಹೊರಟ ಹುಡುಗಿಯರ ಗುಂಪು. ಧೂಳಿಗೆ ಮುಖದ ಮೇಲೆ ಓಢಣಿ ಎಳೆದುಕೊಂಡವರು, ಬಸ್ಸು ಬರುವವರೆಗೆ ವಹಿಯ ಹಾಳೆ ತಿರುವುವವರು. ಕಳೆದ ಹಂಗಾಮಿನಲ್ಲಿ ನಾನು ಅಲ್ಲಿ ನಿಂತಿದ್ದಾಗ ಒಬ್ಬಾಕೆಯ ಕೈಯಲ್ಲಿದ್ದ ಟಿಪ್ಪಣಿಯ ತಲೆಬರೆಹ ಕಣ್ಣಿಗೆ ಬಿತ್ತು: ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿ ಮತ್ತು ಗಿರಣಿ ಪಟ್ಟಣ. ಆ ಹುಡುಗಿ ನೂರೆಪ್ಪತ್ತು ವರ್ಷಗಳ ಹಿಂದಿನ, ಸಾವಿರಾರು ಮೈಲು ದೂರದ ಒಂದು ಊರಿನ ಚಿಮಣಿಯ ಹೊಗೆಯನ್ನು ಬಾಯಿಪಾಠ ಮಾಡುತ್ತಿದ್ದಳು. ಆಕೆಯ ಬೆನ್ನ ಹಿಂದೆ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬು ಸಾಗುತ್ತಿತ್ತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಗೆ ಕೈಗಾರಿಕೆಯ ಯುಗವೂ ಇಂಗ್ಲಿಷ್ ಸಾಹಿತ್ಯವೂ ಬೇರೆ ಬೇರೆ ದಾರಿಯಿಂದ ಬಂದವೆಂದು ನಾವು ಬಹುಕಾಲ ನಂಬಿದ್ದೇವೆ. ಮೂಲವನ್ನು ಶೋಧಿಸಿ ನೋಡಿದರೆ ಅವೆರಡೂ ಒಂದೇ ಬಂಡಿಯಲ್ಲಿ ಬಂದ ಸರಕುಗಳೆಂಬುದು ಗೊತ್ತಾಗುತ್ತದೆ.

ಒಂದು ವರ್ಷ, ಎರಡು ಬರೆಹ

1854ರ ಜನವರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಉತ್ತರ ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಹತ್ತಿಗಿರಣಿಯ ಊರಿಗೆ ಹೋದನು. ಅಲ್ಲಿ ತಿಂಗಳುಗಟ್ಟಲೆ ಗಿರಣಿಗಳ ಬಾಗಿಲು ಮುಚ್ಚಿದ್ದಿತು. ನೇಕಾರರು ಕೂಲಿಗಾಗಿ ಹಟ ಹಿಡಿದಿದ್ದರು. ಎಪ್ರಿಲ್ ಮೊದಲನೆಯ ದಿನದಿಂದ ಅವನದೇ ವಾರಪತ್ರಿಕೆಯಲ್ಲಿ ‘ಹಾರ್ಡ್ ಟೈಮ್ಸ್’ ಕಂತುಕಂತಾಗಿ ಬರತೊಡಗಿ, ಆಗಸ್ಟಿನಲ್ಲಿ ಮುಗಿಯಿತು.

ಆ ಕಂತುಗಳು ಇನ್ನೂ ಮುಗಿಯದಿರುವಾಗಲೇ, ಜುಲೈ 19ರಂದು, ಈಸ್ಟ್ ಇಂಡಿಯಾ ಕಂಪನಿಯ ಮೇಲ್ವಿಚಾರಣೆಗೆಂದು ಇದ್ದ ಮಂಡಳಿಯ ಅಧ್ಯಕ್ಷ ಸರ್ ಚಾರ್ಲ್ಸ್ ವುಡ್ ಸಿದ್ಧಪಡಿಸಿದ ಶಿಕ್ಷಣದ ಖಲೀತೆ ಹಿಂದುಸ್ತಾನಕ್ಕೆ ಹೊರಟಿತು. ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯ, ಪ್ರಾಂತಕ್ಕೊಂದು ಶಿಕ್ಷಣ ಇಲಾಖೆ, ಖಾಸಗಿ ಸಾಲೆಗಳಿಗೆ ಅನುದಾನ, ಕೆಳಗಿನ ವರ್ಗಗಳಿಗೆ ದೇಶಭಾಷೆ, ಮೇಲಿನ ವರ್ಗಗಳಿಗೆ ಇಂಗ್ಲಿಷು: ಇಂದು ನಾವು ‘ಸಾಲಿ’ ಎನ್ನುವ ವಸ್ತುವಿನ ಅಸ್ತಿಭಾರವೆಲ್ಲ ಅದರಲ್ಲಿದೆ.

ಈ ವುಡ್ ಮಹಾಶಯನು ಪಾರ್ಲಿಮೆಂಟಿನಲ್ಲಿ ಯಾವ ಊರಿನ ಪ್ರತಿನಿಧಿ? ಹ್ಯಾಲಿಫ್ಯಾಕ್ಸ್. ಯಾರ್ಕ್‌ಶೈರಿನ ಆ ಊರು ಉಣ್ಣೆ, ರತ್ನಗಂಬಳಿಗಳ ಗಿರಣಿಗಳಿಂದ ತುಂಬಿದ್ದಿತು. ವಿದ್ಯೆಯು ಹರಡಿದರೆ ಹಿಂದುಸ್ತಾನದಿಂದ ಕಚ್ಚಾ ಮಾಲು ಹೆಚ್ಚು ನಿಶ್ಚಿತವಾಗಿ ದೊರೆಯುವುದು, ಬ್ರಿಟಿಷ್ ಮಾಲಿಗೆ ಅಕ್ಷಯವಾದ ಗಿರಾಕಿ ಹುಟ್ಟುವುದು ಎಂಬ ಲೆಕ್ಕವನ್ನು ಖಲೀತೆ ಮುಚ್ಚಿಡಲಿಲ್ಲ. ಧರ್ಮ, ನೀತಿ, ಜ್ಞಾನಗಳ ಮಾತಿನ ನಡುವೆಯೇ ಅದನ್ನೂ ಹೇಳಿಬಿಟ್ಟಿತು. ಈ ನಿಸ್ಸಂಕೋಚವನ್ನು ನಾನು ಮೆಚ್ಚುತ್ತೇನೆ. ಇಂದಿನ ಶಿಕ್ಷಣ ನೀತಿಗಳು ಇಷ್ಟು ಪ್ರಾಮಾಣಿಕವಾಗಿರುವುದು ಅಪರೂಪ.

ಹೀಗೆ, ಗಿರಣಿಯ ಊರನ್ನು ಬಯ್ಯುವ ಕಾದಂಬರಿಯೂ, ಗಿರಣಿಯ ಊರಿನ ಪ್ರತಿನಿಧಿ ಬರೆಸಿದ ಖಲೀತೆಯೂ ಒಂದೇ ಋತುವಿನ ಫಲಗಳಾದವು.

ಎತ್ತಿಗೆ ವ್ಯಾಖ್ಯೆ

ಆ ಕಾದಂಬರಿ ಗಿರಣಿಯಿಂದ ಆರಂಭವಾಗುವುದಿಲ್ಲ, ವರ್ಗದಿಂದ ಆರಂಭವಾಗುತ್ತದೆ. ಸಂಗತಿಗಳ ಹೊರತು ಮತ್ತೇನೂ ಬೇಡವೆನ್ನುವ ಗ್ರ್ಯಾಡ್‌ಗ್ರೈಂಡ್ ಎಂಬ ಸಾಹುಕಾರನು, ಸರ್ಕಸ್ಸಿನ ಕುದುರೆಗಳ ನಡುವೆಯೇ ಬೆಳೆದ ಸಿಸ್ಸಿ ಎಂಬ ಹುಡುಗಿಗೆ ಕುದುರೆಯ ವ್ಯಾಖ್ಯೆ ಕೇಳುತ್ತಾನೆ. ಅವಳಿಗೆ ಬಾಯಿ ಬರುವುದಿಲ್ಲ. ಕುದುರೆಯ ಮೈ ಮುಟ್ಟಿ ನೋಡಿದವನೆಂದು ಹೇಳಲಾಗದ ಬಿಟ್ಝರ್ ಎಂಬ ಹುಡುಗ ಹಲ್ಲು, ಗೊರಸುಗಳ ಲೆಕ್ಕವನ್ನು ಪಟಪಟನೆ ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಾನೆ.

ನಮ್ಮ ಕಡೆಯ ಮಕ್ಕಳಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ಹಿತ್ತಲಲ್ಲಿ ಖಿಲಾರಿ ಎತ್ತಿನ ಜೋಡಿ ಕಟ್ಟಿಕೊಂಡು, ಅದರ ಕೊಂಬು ಯಾವ ಕಾರಹುಣ್ಣಿಮೆಗೆ ಯಾವ ಬಣ್ಣ ಕಂಡಿತ್ತೆಂದು ಹೇಳಬಲ್ಲ ಹುಡುಗ, ‘ಎತ್ತು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ’ ಎಂದು ಬರೆದು ತಿದ್ದಿಸಿಕೊಂಡೇ ಮೇಲಿನ ವರ್ಗಕ್ಕೆ ಹೋಗಿದ್ದಾನೆ. ಗ್ರ್ಯಾಡ್‌ಗ್ರೈಂಡನಿಗೆ ನಮ್ಮಲ್ಲಿ ವಂಶ ಬೆಳೆದಿದೆ.

ಸಾಲೆಯೂ ಒಂದು ಗಿರಣಿಯೆಂಬ ಭಾವನೆ ಇಂಗ್ಲೆಂಡಿನಲ್ಲಿ ಬರಿಯ ಉಪಮೆಯಾಗಿ ಉಳಿಯಲಿಲ್ಲ. 1862ರಲ್ಲಿ ರಾಬರ್ಟ್ ಲೋ ತಂದ ನಿಯಮದಂತೆ, ಇನ್ಸ್‌ಪೆಕ್ಟರನ ಎದುರು ಓದು, ಬರೆಹ, ಲೆಕ್ಕಗಳಲ್ಲಿ ಪಾಸಾದ ಮಕ್ಕಳ ತಲೆಯೆಣಿಕೆಯ ಮೇಲೆ ಸಾಲೆಗೆ ಹಣ ಸಂದಾಯವಾಗತೊಡಗಿತು: ಎಷ್ಟು ಥಾನು ಬಟ್ಟೆಗೆ ಎಷ್ಟು ಕೂಲಿ ಎಂಬಂತೆ. ಆ ಪದ್ಧತಿ ಬೇಗನೆ ಮುಂಬಯಿ ಇಲಾಖೆಗೂ ಹಡಗು ಹತ್ತಿ ಬಂದಿತು. ಇನ್ಸ್‌ಪೆಕ್ಟರ್ ಬರುವ ದಿನ ಮಕ್ಕಳಿಗೆ ಮಡಿ ಅಂಗಿ ತೊಡಿಸುವ ರೂಢಿ ಅದರ ಕೊನೆಯ ಅವಶೇಷವಿರಬಹುದು.

> ಮರಳಿನಿಂದ ಗಿರಣಿಗೆ
> ಕೈಗಾರಿಕಾ ಇಂಗ್ಲೆಂಡಿನ ಬಡಮಕ್ಕಳ ಸಾಲೆಗಳಲ್ಲಿ ಒಬ್ಬ ಮಾಸ್ತರನು ನೂರಾರು ಮಕ್ಕಳನ್ನು ಸಂಭಾಳಿಸಿದ ಉಪಾಯಕ್ಕೆ ‘ಮದರಾಸು ಪದ್ಧತಿ’ ಎಂದು ಹೆಸರು. 1789ರಿಂದ ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿದ್ದ ಪಾದ್ರಿ ಆಂಡ್ರ್ಯೂ ಬೆಲ್ಲನು, ದೇಶೀ ಸಾಲೆಯ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ತನ್ನ ಅನಾಥಾಲಯದಲ್ಲಿ ಅದನ್ನೇ ಆರಂಭಿಸಿ, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮ ಕಟ್ಟಿದನು. 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ಪುಸ್ತಕ ಪ್ರಕಟಿಸಿದನು. ಜೋಸೆಫ್ ಲ್ಯಾಂಕ್ಯಾಸ್ಟರನು ಇದೇ ಬಗೆಯ ಸಾಲೆಯನ್ನು ಲಂಡನ್ನಿನಲ್ಲಿ ನಡೆಸಿದನು. ನಮ್ಮ ಗಾವಠಿ ಸಾಲೆಯ ಜಗಲಿಯಲ್ಲಿದ್ದ ಮರಳು ಹೀಗೆ ಅವರ ಸಾಲೆಗೆ ಸಾಗಿತು. ಅರ್ಧ ಶತಮಾನದ ಮೇಲೆ ಅವರ ಸಾಲೆಯೇ ನಮ್ಮಲ್ಲಿಗೆ ಬಂದು ನಮ್ಮ ಜಗಲಿಯನ್ನು ಹಳೆಯದೆಂದಿತು.

ಹತ್ತಿಯ ಅಂಡಿಗೆ, ಶೇಕ್ಸ್‌ಪಿಯರನ ಪುಸ್ತಕ

‘ಹಾರ್ಡ್ ಟೈಮ್ಸ್’ ಮುಗಿದ ಕೂಡಲೆ ಅದೇ ಪತ್ರಿಕೆಯಲ್ಲಿ ಎಲಿಝಬೆತ್ ಗ್ಯಾಸ್ಕೆಲ್ ಎಂಬಾಕೆಯ ‘ನಾರ್ತ್ ಅಂಡ್ ಸೌತ್’ ಆರಂಭವಾಯಿತು. ಮ್ಯಾಂಚೆಸ್ಟರಿನಲ್ಲಿ ಸಂಸಾರ ಹೂಡಿದ್ದ ಆಕೆಗೆ ಗಿರಣಿಯ ಒಳಗು ಡಿಕನ್ಸನಿಗಿಂತ ಚೆನ್ನಾಗಿ ಗೊತ್ತಿದ್ದಿತು. ಆ ಕಾದಂಬರಿಯ ಬೆಸ್ಸಿ ಎಂಬ ಹುಡುಗಿ, ಹತ್ತಿ ಹಿಂಜುವ ಕೋಣೆಯಲ್ಲಿ ಹಾರುವ ನುಣ್ಣನೆಯ ಅರಳೆಧೂಳು ಎದೆಯಲ್ಲಿ ತುಂಬಿ ಸಾಯುತ್ತಾಳೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತಾಗ, ಮ್ಯಾಂಚೆಸ್ಟರಿನ ಕಣ್ಣು ಧಾರವಾಡ, ಬೆಳಗಾವಿಗಳ ಎರೆಹೊಲದ ಮೇಲೆ ಬಿದ್ದಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ತಳಿ ಆ ವೇಳೆಗೆ ನಮ್ಮ ನೆಲಕ್ಕೆ ಒಗ್ಗಿದ್ದಿತು. ಮ್ಯಾಂಚೆಸ್ಟರಿನವರೇ ಕಂಪನಿ ಕಟ್ಟಿ, ಕಾರವಾರದ ಬಂದರಿನ ಕಡೆಗೆ ಯಂತ್ರ ಕಳಿಸಿ, ಘಟ್ಟ ಇಳಿಯುವ ರಸ್ತೆಗಾಗಿ ಸರ್ಕಾರವನ್ನು ಪೀಡಿಸಿದರು. ಹತ್ತಿಯ ದರ ಮುಗಿಲಿಗೇರಿತು. ಯುದ್ಧ ಮುಗಿದ ಮೇಲೆ ಅಷ್ಟೇ ವೇಗದಿಂದ ಇಳಿಯಿತು. ಬೆಸ್ಸಿಯಂಥವರ ಎದೆಗೆ ಇಳಿದ ಧೂಳಿನಲ್ಲಿ ನಮ್ಮ ಎರೆಯ ಅರಳೆಯೂ ಒಂದಿಷ್ಟು ಇದ್ದೀತು.

ಇದೇ ದಶಕಗಳಲ್ಲಿ ಈ ಸೀಮೆಯ ಸಾಲೆಗಳ ಕಥೆ ಇನ್ನೊಂದು ತಿರುವಿನಲ್ಲಿತ್ತು. ಲಂಡನ್ ಮಿಶನ್ನಿನವರು ಬೆಳಗಾವಿಗೆ ಬಂದು ನೆಲೆಸಿದ್ದು 1820ರಲ್ಲೇ. ಆದರೆ ಇಂಗ್ಲಿಷಿಗಿಂತ ಮೊದಲು ಬಗೆಹರಿಯಬೇಕಾಗಿದ್ದದ್ದು ಕನ್ನಡದ ಪ್ರಶ್ನೆ. ಏಕೆಂದರೆ ಮುಂಬಯಿ ಪ್ರಾಂತದ ಕನ್ನಡ ಮಕ್ಕಳು ಸಾಲೆಯಲ್ಲಿ ಓದುತ್ತಿದ್ದದ್ದು ಮರಾಠಿ. ಶಿಕ್ಷಣಾಧಿಕಾರಿ ರಸಲ್ ಸಾಹೇಬರ ಬೆಂಬಲದಿಂದ, ಡೆಪ್ಯುಟಿ ಚನ್ನಬಸಪ್ಪನವರು (1833–1881) ಊರೂರು ತಿರುಗಿ ಕನ್ನಡ ಸಾಲೆಗಳನ್ನು ನಿಲ್ಲಿಸಿದರು.

ಕನ್ನಡಕ್ಕಾಗಿ ಅಷ್ಟು ಬೆವರು ಸುರಿಸಿದ ಇವರೇ 1871ರಲ್ಲಿ ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. ನಗಲೊಲ್ಲದವರನ್ನೂ ನಗಿಸುವೆನೆಂಬ ಆ ಹೆಸರಿನಲ್ಲಿ ಸಾಲೆಯ ಅಧಿಕಾರಿಯೊಬ್ಬನ ಜಂಬವೂ ಒಕ್ಕಲಿಗನೊಬ್ಬನ ಹಾಸ್ಯವೂ ಕೂಡಿವೆ. 1885ರಲ್ಲಿ ಚುರಮುರಿ ಶೇಷಗಿರಿರಾಯರ ಕೈಯಲ್ಲಿ ಒಥೆಲೋ ‘ರಾಘವೇಂದ್ರರಾವ’ ಆದನು. ಶೇಕ್ಸ್‌ಪಿಯರನು ನಮ್ಮವನಾಗಲು ಹೆಚ್ಚು ದಿನ ತೆಗೆದುಕೊಳ್ಳಲಿಲ್ಲ. ಡಿಕನ್ಸನು ಮಾತ್ರ ಸ್ಟೇಷನ್ನಿನಲ್ಲೇ ಉಳಿದನು.

ಸ್ಟೇಷನ್ ಎಂದರೆ ಬರಿಯ ಮಾತಲ್ಲ. 1880ರ ದಶಕದ ಕೊನೆಗೆ ಬೆಳಗಾವಿಯಿಂದ ಮಿರಜಕ್ಕೆ ರೈಲು ಹಳಿ ಬಿದ್ದು, ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳಗಳ ಮೇಲೆ ಹೊಗೆಬಂಡಿ ಓಡತೊಡಗಿತು. ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಹೂಡಿ ಬರುತ್ತಿದ್ದ ಜನ ತಿಕೀಟು ಕೊಂಡು ಬರುವುದನ್ನು ಕಲಿತರು.

ಜಲಪಾತದ ಮೂರು ದರ್ಶನ

ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರು ಎತ್ತರದಿಂದ ಧುಮುಕುತ್ತಾಳೆ. ದಂಡೆಯ ಮೇಲೆ ಮಹಾಲಿಂಗೇಶ್ವರನ ಹಳೆಯ ಗುಡಿ. ನಮ್ಮ ಜನಕ್ಕೆ ಆ ನೀರು ತೀರ್ಥ. ಪ್ರವಾಸಕ್ಕೆ ಬಂದ ಇಂಗ್ಲಿಷ್ ಅಧಿಕಾರಿಗಳಿಗೆ ಅದು ರಮಣೀಯ ದೃಶ್ಯ. ಅವರ ಕವಿಗಳು ಅವರಿಗೆ ಕಲಿಸಿದ ಕಣ್ಣು ಅದು. 1885ರಲ್ಲಿ ಸ್ಥಾಪಿತವಾದ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಗೆ ಮಾತ್ರ ಆ ಧುಮುಕುವಿಕೆಯಲ್ಲಿ ಕುದುರೆಬಲ ಕಂಡಿತು. 1887ರ ಹೊತ್ತಿಗೆ ಬೀಳುವ ನೀರಿನ ರಭಸಕ್ಕೆ ಟರ್ಬೈನು ತಿರುಗಿ, ಕದಿರುಗಳು ನೂಲು ತೆಗೆಯತೊಡಗಿದವು. ಇಂಗ್ಲೆಂಡಿನ ಗಿರಣಿಯೂ ಮೊದಲು ತೊರೆಯ ಬದಿಯಲ್ಲೇ ಹುಟ್ಟಿ ಆಮೇಲೆ ಕಲ್ಲಿದ್ದಲಿಗೆ ಹೋದದ್ದೆಂಬುದನ್ನು ನೆನೆದರೆ, ನಮ್ಮ ಕೈಗಾರಿಕೆ ಅವರ ಆರಂಭವನ್ನೇ ನೂರು ವರ್ಷ ತಡವಾಗಿ ಮಾಡಿತು.

ಅಂದಿನಿಂದ ಗೋಕಾಕ ಫಾಲ್ಸಿನ ಸುತ್ತಲಿನ ಹಳ್ಳಿಗಳಿಗೆ ಹೊತ್ತು ತಿಳಿಯುವ ಬಗೆಯೇ ಬೇರೆಯಾಯಿತು. ನೆರಳು ಅಳೆಯುವುದು, ಕೋಳಿ ಕೂಗುವುದು ಹಿಂದೆ ಸರಿದು, ಗಿರಣಿಯ ಸೈರನ್ ಕೂಗಿನ ಮೇಲೆ ‘ಮೊದಲ ಭೋಂಗಾ’, ‘ಎರಡನೇ ಪಾಳಿ’ ಎಂಬ ಮಾತುಗಳು ಬಂದವು. ರೊಟ್ಟಿ ಬಡಿಯುವ ಹೊತ್ತನ್ನು ಯಂತ್ರವು ಗೊತ್ತುಮಾಡಿದ ದಿನವೇ ಕೈಗಾರಿಕಾ ಯುಗ ಆರಂಭವಾದ ದಿನ. ಪುಸ್ತಕದಲ್ಲಿ ಅದಕ್ಕೆ ಬೇರೆ ತಾರೀಖು ಇರಬಹುದು.

> ಯಾರ ಮಗುವಿಗೆ ಎಷ್ಟು ತಾಸು
> ಇಂಗ್ಲೆಂಡಿನ 1833ರ ಕಾಯಿದೆ: ಜವಳಿ ಗಿರಣಿಯಲ್ಲಿ 9 ವರ್ಷದೊಳಗಿನ ಮಗುವಿಗೆ ಕೆಲಸ ನಿಷಿದ್ಧ, ಅದರ ಮೇಲಿನ ಎಳೆಯರಿಗೆ ದಿನಕ್ಕೆ 2 ತಾಸು ಸಾಲೆ ಕಡ್ಡಾಯ.
> 1844ರ ಕಾಯಿದೆ: ಅರ್ಧ ದಿನ ಗಿರಣಿ, ಅರ್ಧ ದಿನ ಸಾಲೆ. ಈ ‘ಅರ್ಧದಿನದ ಮಕ್ಕಳ’ ಪದ್ಧತಿಯನ್ನು ಕೊನೆಗಾಣಿಸಲು 1918ರ ಶಿಕ್ಷಣ ಕಾಯಿದೆಯೇ ಬರಬೇಕಾಯಿತು.
> ಹಿಂದುಸ್ತಾನದ 1881ರ ಕಾಯಿದೆ: 7 ವರ್ಷ ತುಂಬಿದ ಮಗು ದಿನಕ್ಕೆ 9 ತಾಸು ದುಡಿಯಬಹುದು. 1891ರಲ್ಲಿ ಈ ವಯಸ್ಸು 9ಕ್ಕೆ ಏರಿ, ತಾಸುಗಳು 7ಕ್ಕೆ ಇಳಿದವು.
> ಡಿಕನ್ಸನು ಲಂಡನ್ನಿನ ಬೂಟುಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಲು ಹೋದಾಗ ಅವನಿಗೆ 12 ವರ್ಷ.

ಹೂವು ಬಂತು, ಹೊಗೆ ಬರಲಿಲ್ಲ

ಗೋಕಾಕದ ಕದಿರು ತಿರುಗುತ್ತಿದ್ದ ಆ ವರ್ಷಗಳಲ್ಲೇ ನಮ್ಮ ಹುಡುಗರು ಮ್ಯಾಟ್ರಿಕ್ಕಿಗಾಗಿ ಇಂಗ್ಲಿಷ್ ಕವಿತೆಗಳನ್ನು ಗಟ್ಟಿ ಮಾಡುತ್ತಿದ್ದರು. ಯಾವ ಕವಿತೆಗಳು? ಸರೋವರದ ದಂಡೆಯ ಹಳದಿ ಹೂಗಳು, ಕೋಗಿಲೆ, ಪಡುವಣ ಗಾಳಿ. ಇಂಗ್ಲಿಷ್ ಕವಿಗಳು ಹೂವಿನ ಕಡೆಗೆ ಓಡಿದ್ದಕ್ಕೆ ಗಿರಣಿಯ ಹೊಗೆಯೂ ಒಂದು ಕಾರಣವೆಂಬ ಮಾತನ್ನು ಪಠ್ಯಕ್ರಮ ಅವರಿಗೆ ಹೇಳಲಿಲ್ಲ. ಓಟ ಕಲಿತೆವು, ಯಾವುದರಿಂದ ಓಡಬೇಕೆಂಬುದು ತಿಳಿಯಲಿಲ್ಲ.

ಇದರಿಂದ ಕನ್ನಡಕ್ಕೆ ನಷ್ಟವಾಯಿತೆಂದು ಹೇಳುವ ಎದೆಗಾರಿಕೆ ನನಗಿಲ್ಲ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪೂರ್ಣರೂಪದಲ್ಲಿ ಬಂದು ಕನ್ನಡ ಕವಿತೆಯ ನಡಿಗೆಯನ್ನೇ ಬದಲಿಸಿದ್ದನ್ನು ಯಾರು ಅಲ್ಲಗಳೆಯಬಲ್ಲರು? ಆ ಸಂಕಲನದಲ್ಲೂ ಮಹಾನಗರದ ದುಃಖ ಒಂದು ಕಡೆ ಒಳನುಗ್ಗಿದೆ: ಥಾಮಸ್ ಹುಡ್ ಬರೆದ, ಲಂಡನ್ನಿನ ಸೇತುವೆಯಿಂದ ನದಿಗೆ ಹಾರಿದ ಅನಾಥೆಯೊಬ್ಬಳ ಕವಿತೆ ಅಲ್ಲಿ ‘ದುಃಖಸೇತು’ ಆಗಿದೆ. ಅದೇ ಹುಡ್ಡನು, ನಸುಕಿನಿಂದ ನಡುರಾತ್ರಿಯವರೆಗೆ ಸೂಜಿ ಹಿಡಿದು ಕೂಡುವ ಅಂಗಿ ಹೊಲಿಯುವವಳ ಮೇಲೆಯೂ 1843ರಲ್ಲಿ ಒಂದು ಹಾಡು ಕಟ್ಟಿದ್ದನು.

ಈ ಗಡಿಸೀಮೆಯ ಹುಡುಗರಿಗೆ ಇಂಗ್ಲಿಷ್ ಸಾಹಿತ್ಯದ ಹೆಬ್ಬಾಗಿಲೆಂದರೆ, ಮಿರಜ ಜಂಕ್ಷನ್ನಿನ ಆಚೆಗೆ 1919ರಲ್ಲಿ ತೆರೆದ ಸಾಂಗಲಿಯ ವಿಲಿಂಗ್ಡನ್ ಕಾಲೇಜು. ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದ್ದು ಅಲ್ಲಿ. 1940ರ ದಶಕದಲ್ಲಿ ವಿನಾಯಕ ಕೃಷ್ಣ ಗೋಕಾಕರು ಪ್ರಾಚಾರ್ಯರಾಗಿದ್ದುದೂ ಅಲ್ಲಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಇಂಗ್ಲಿಷ್ ಸಾಹಿತ್ಯವನ್ನು ಪ್ರತ್ಯೇಕ ಪದವಿಗೆ ಯೋಗ್ಯವೆಂದು ಒಪ್ಪಿದ್ದೇ 1890ರ ದಶಕದಲ್ಲಿ. ಅದಕ್ಕೆ ಮೊದಲೇ ನಮ್ಮ ಪ್ರಾಂತದ ಹುಡುಗರು ಆ ವಿಷಯದಲ್ಲಿ ನಪಾಸಾಗುವುದನ್ನು ಕಲಿತಿದ್ದರು. ಸವಣೂರಿನ ಗೋಕಾಕರು ಆ ಆಕ್ಸ್‌ಫರ್ಡಿಗೆ ಹೋಗಿ ಮೊದಲ ದರ್ಜೆಯಲ್ಲಿ ಪಾಸಾಗಿ ಬಂದರು. ಕಡಲ ದಾರಿ ‘ಸಮುದ್ರಗೀತೆಗಳು’ ಆಯಿತು.

ಗಿರಣಿಯ ಸೀಮೆಯಿಂದಲೇ ಎದ್ದವರು ಬೇರೆ ಧ್ವನಿಯವರು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ‘ಜ್ವಾಲಾಮುಖಿಯ ಮೇಲೆ’ ಬರೆದು, ಬೆವರಿನ ಬದುಕನ್ನು ಕನ್ನಡ ಕಾದಂಬರಿಯ ನಡುಮನೆಗೆ ತಂದರು. ಘೋಡಗೇರಿಯ ಕಮ್ಮಾರರ ಮನೆಯ ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಕಾದಂಬರಿಯಲ್ಲಿ ಗುಡಸೀಕರನೆಂಬವನೊಬ್ಬನಿದ್ದಾನೆ: ಪಟ್ಟಣದಲ್ಲಿ ಕಲಿತು ಶಿವಾಪುರಕ್ಕೆ ಮರಳಿ, ಊರನ್ನು ತಿದ್ದಹೋಗಿ ಕೆಡಿಸುವವನು. ವುಡ್ಡನ ಖಲೀತೆ ಹಳ್ಳಿಗೆ ಬಂದಿಳಿದಾಗ ಏನಾಯಿತೆಂಬುದಕ್ಕೆ ಗುಡಸೀಕರನಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ರಾಯಬಾಗದ ಪಾಲು

ಅಥಣಿ, ಚಿಕ್ಕೋಡಿಗಳು ಮುಂಬಯಿ ಸರ್ಕಾರದ ಕೆಳಗಿದ್ದಾಗ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಶಾಹೂ ಮಹಾರಾಜರು 1906ರಲ್ಲಿ ತಮ್ಮ ರಾಜಧಾನಿಯಲ್ಲಿ ಜವಳಿ ಗಿರಣಿ ಕಟ್ಟಿಸಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಪುಕ್ಕಟೆ ಮಾಡಿ, ಕಡ್ಡಾಯ ಮಾಡಿ, ಮಗುವನ್ನು ಸಾಲೆಗೆ ಕಳಿಸದ ತಂದೆತಾಯಿಗೆ ದಂಡ ವಿಧಿಸಿದರು. ಇಂಗ್ಲೆಂಡಿನಲ್ಲಿ ‘ಅರ್ಧದಿನದ ಮಕ್ಕಳು’ ಇನ್ನೂ ಗಿರಣಿಗೆ ಹೋಗುತ್ತಿದ್ದ ವರ್ಷ ಅದು.

ಮ್ಯಾಂಚೆಸ್ಟರಿನಲ್ಲಿ ಓವೆನ್ಸ್ ಕಾಲೇಜು ಎದ್ದದ್ದು ಜವಳಿ ವ್ಯಾಪಾರಿಯೊಬ್ಬನ ಆಸ್ತಿಯಿಂದ. ನಮ್ಮಲ್ಲಿ ಗಿರಣಿಯ ಹಣ ಕಾಲೇಜಾಗಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಕೂಡಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ತೆರೆದ ಕಾಲೇಜು ತನ್ನ ಸೀಮೆಯ ಭೂಮಿಯನ್ನೆಲ್ಲ ವಿದ್ಯೆಗೆ ಬರೆದಿಟ್ಟುಹೋದ ಸಿರಸಂಗಿಯ ಲಿಂಗರಾಜರ ಹೆಸರನ್ನು ಹೊತ್ತಿದೆ.

ಕಾರ್ಖಾನೆಯಿಂದ ಸಾಹಿತ್ಯ ಹುಟ್ಟಿದ ಒಂದು ಚೋದ್ಯವೂ ಇಲ್ಲೇ ಹತ್ತಿರದ್ದು. ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕುಂಡಲದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಕಾರ್ಖಾನೆಯ ವರ್ತಮಾನ ತಿಳಿಸಲೆಂದು 1920ರಲ್ಲಿ ಆರಂಭವಾದ ‘ಕಿರ್ಲೋಸ್ಕರ್ ಖಬರ್’ ಬೆಳೆದು ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಯಿತು. ನೇಗಿಲಿನ ಜಾಹೀರಾತಿನ ಬೆನ್ನಿಗೆ ಕಥೆ ಬಂದಿತು.

ತಂಬಾಕಿನ ಧೂಳು, ಕಬ್ಬಿನ ಕೊಯ್ತಾ

ನಿಪ್ಪಾಣಿಯಲ್ಲಿ ತಂಬಾಕು ಸೋಸುವ ಹೆಂಗಸರು ಮೂಗಿಗೆ ಸೆರಗು ಬಿಗಿದು ಕೂಡುತ್ತಾರೆ. ಅವರು ಸಂಘ ಕಟ್ಟಿ ಕೂಲಿಗಾಗಿ ನಿಂತ ಕಥೆಯನ್ನು 1982ರಲ್ಲಿ ‘ಯುಗಾಂತರ’ ಎಂಬ ಮಹಿಳೆಯರ ಗುಂಪು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರವಾಗಿ ತೆಗೆಯಿತು. ಆ ಹೆಂಗಸರು ತಾವೇ ಅದರಲ್ಲಿ ಮಾತಾಡುತ್ತಾರೆ. ಗ್ಯಾಸ್ಕೆಲ್ಲಳ ಬೆಸ್ಸಿಯನ್ನು ಕಲಿಸುವ ತಾಸಿನಲ್ಲಿ ಆ ಚಿತ್ರದ ಹತ್ತು ನಿಮಿಷ ತೋರಿಸಿದರೆ ಟಿಪ್ಪಣಿ ಕೊಡುವ ಕೆಲಸ ಅರ್ಧ ಕಡಮೆಯಾದೀತು.

ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಎದ್ದ ಮೇಲೆ ಕೃಷ್ಣೆಯ ಎರಡೂ ದಂಡೆಗೆ ಚಿಮಣಿಗಳು ಒಂದೊಂದಾಗಿ ಎದ್ದಿವೆ. ಹಂಗಾಮಿಗೆ ಕಬ್ಬು ಕಡಿಯಲು ಬೀಡ, ವಿಜಯಪುರಗಳ ಕಡೆಯಿಂದ ಗ್ಯಾಂಗುಗಳು ಬಂದು, ಹೊಲದ ಅಂಚಿನಲ್ಲಿ ರವದಿಯ ಗುಡಿಸಲು ಹಾಕುತ್ತವೆ. ಅವರ ಜೊತೆ ಬಂದ ಮಕ್ಕಳಿಗೆ ದೀಪಾವಳಿಯಿಂದ ಯುಗಾದಿಯ ಸುಮಾರಿನವರೆಗೆ ತಮ್ಮೂರಿನ ಸಾಲೆ ತಪ್ಪುತ್ತದೆ. ಇಂಗ್ಲೆಂಡಿನ ಮಗು ಅರ್ಧ ದಿನ ಸಾಲೆಗೆ ಹೋಯಿತು. ಇವರು ಅರ್ಧ ವರ್ಷ ಹೋಗುತ್ತಾರೆ.

ಈ ಭಾಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಸ್ನೇಹಿತರೊಬ್ಬರು ನನಗೆ ಹೇಳಿದ ಮಾತು. ‘ಹಾರ್ಡ್ ಟೈಮ್ಸ್’ನಲ್ಲಿ ಗಿರಣಿಯ ಕೆಲಸಗಾರರನ್ನು ಮನುಷ್ಯರೆಂದು ಕರೆಯುವುದಿಲ್ಲ, ‘ಹ್ಯಾಂಡ್ಸ್’ ಎನ್ನುತ್ತಾರೆ. ಅಂದರೆ ಬರಿಯ ಕೈಗಳು. ಈ ಮಾತಿನ ಕ್ರೌರ್ಯ ವಿದ್ಯಾರ್ಥಿಗಳಿಗೆ ಮುಟ್ಟಲೆಂದು ಅವರು ಬಗೆಬಗೆಯಾಗಿ ವಿವರಿಸುತ್ತಿದ್ದರಂತೆ. ಹಿಂದಿನ ಸಾಲಿನಿಂದ ಒಬ್ಬಳು ಎದ್ದು, “ಸರ, ನಮ್ಮ ಹೊಲಕ್ಕ ಈ ಸಲ ಹನ್ನೆರಡು ಕೊಯ್ತಾ ಬಂದಾವ್ರಿ” ಎಂದಳಂತೆ.

ಕಬ್ಬಿನ ಸೀಮೆಯಲ್ಲಿ ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಕೂಡಿದ ಒಂದು ಜೋಡಿಗೂ ‘ಒಂದು ಕೊಯ್ತಾ’ ಎಂದೇ ಲೆಕ್ಕ. ಗ್ಯಾಂಗನ್ನು ಕರೆತರುವ ಮುಕಾದಮನು ಮುಂಗಡ ಕೊಡುವುದೂ ಕೊಯ್ತಾಕ್ಕೆ ಇಷ್ಟೆಂದೇ. ಇಂಗ್ಲೆಂಡಿನ ಧಣಿ ಮನುಷ್ಯನನ್ನು ಕಳೆದು ಕೈಯನ್ನಾದರೂ ಉಳಿಸಿಕೊಂಡಿದ್ದನು.

ವರ್ಗ ಕ್ಷಣಹೊತ್ತು ಸುಮ್ಮನಾಯಿತಂತೆ. ಆಮೇಲೆ ಎಲ್ಲರೂ ಪುಸ್ತಕದ ಅಂಚಿನಲ್ಲಿ, ‘ಹ್ಯಾಂಡ್ಸ್’ ಎಂಬ ಶಬ್ದದ ಎದುರು, ಸೀಸಕಡ್ಡಿಯಿಂದ ‘ಕೊಯ್ತಾ’ ಎಂದು ಬರೆದುಕೊಂಡರು. ಬರೆದು ಮುಗಿಸಿದ ಒಬ್ಬಳು ಪಕ್ಕದವಳಿಗೆ ಮೆಲ್ಲಗೆ ಕೇಳಿದ್ದು ಮಾಸ್ತರರಿಗೂ ಕೇಳಿಸಿತು: “ಪರೀಕ್ಷಾದಾಗ ಹಿಂಗ ಬರದ್ರ ಮಾರ್ಕ್ಸ್ ಕೊಡ್ತಾರೇನ ಅವ್ವಾ?”